ಪಾಯಿಂಟ್ ಸಿಗದ ಸೀಟು

ಮನೆಯಿಂದ, ಇಸ್ತ್ರಿ ಮೇಜಿನ ಮೇಲಿಂದ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಇವರಿಗೆ,

ಪೊಟ್ಟಣ ಬಿಚ್ಚಿದ ಕೂಡಲೇ ಒಳಗಿರುವ ಶರ್ಟ್ ನೋಡಿ ಹಿಗ್ಗಬೇಡಿ. ಮೊದಲು ಇದನ್ನು ಪೂರ್ತಿ ಓದಿ. ಶರ್ಟ್ ಯಾತಕ್ಕೆ ಎಂದು ಕೊನೆಯಲ್ಲಿ ಹೇಳುತ್ತೇನೆ. ಮಂಡಿ ಹೇಗಿದೆ? ಊರೂರು ಏರ್‌ಪೋರ್ಟಿನ ಲಗೇಜ್ ಬೆಲ್ಟ್ ರಿಪೇರಿಗೆಂದು ಅದರ ಅಡಿಗೆ ತೆವಳಿಕೊಂಡು ಹೋಗುವಾಗ ನಾನು ಹೊಲಿದುಕೊಟ್ಟ ದಪ್ಪ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಅದು ಟೂಲ್ ಬಾಕ್ಸಿನಲ್ಲೇ ಸುಖವಾಗಿ ಮಲಗಿದೆಯೋ? ಹೋಟೆಲಿನ ಏಸಿಗೆ ಇಷ್ಟು ಹೊತ್ತಿಗೆ ನಿಮ್ಮ ಮೂಗು ಸೋರಲು ಶುರುವಾಗಿರಬೇಕು. ಮಾತ್ರೆ ಬ್ಯಾಗಿನ ಪಕ್ಕದ ಜೇಬಿನಲ್ಲಿದೆ, ನೀವು ಯಾವತ್ತೂ ಕೈ ಹಾಕದ ಆ ಜೇಬಿನಲ್ಲಿ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಅತ್ತೆಯ ರಕ್ತದೊತ್ತಡ ಪರವಾಗಿಲ್ಲ. ಊಟ ಕಡಿಮೆಯಾಗಿದೆ, ಮಾತು ಅದಕ್ಕಿಂತ ಕಡಿಮೆಯಾಗಿದೆ. ನಾನು ಚೆನ್ನಾಗಿದ್ದೇನೆ. ಅಂದರೆ ಮೈ ಚೆನ್ನಾಗಿದೆ, ತಲೆ ಮಾತ್ರ ಕೆಟ್ಟು ಕೂತಿದೆ.

ಫೋನಿದ್ದೂ ಪತ್ರವೇಕೆ ಎಂದು ನೀವು ಹುಬ್ಬು ಹಾರಿಸುವುದು ಇಲ್ಲಿಗೇ ಕಾಣುತ್ತಿದೆ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮದು ಒಂದೇ ರಾಗ, "ಬೋರ್ಡಿಂಗ್ ಶುರುವಾಯ್ತು ಕಣೇ, ಆಮೇಲೆ ಮಾಡ್ತೀನಿ." ಆ ಆಮೇಲೆ ಅನ್ನುವುದು ಈ ಜನ್ಮದಲ್ಲಿ ಬರುವುದಿಲ್ಲ. ಕಾಗದವಾದರೆ ನೀವು ಮಧ್ಯದಲ್ಲಿ ಕತ್ತರಿಸುವ ಹಾಗಿಲ್ಲ. ಬೈಗುಳ ಇದ್ದರೂ ಕೊನೆಯವರೆಗೆ ಓದುತ್ತೀರಿ, ನನಗೆ ಗೊತ್ತು, ಏಕೆಂದರೆ ಬೈಗುಳದ ನಡುವೆ ಎಲ್ಲಾದರೂ ಮುದ್ದು ಮಾಡಿದ್ದೀನಾ ಎಂದು ಹುಡುಕುವ ಚಾಳಿ ನಿಮಗೆ ಮದುವೆಯಾದಾಗಿನಿಂದ ಇದೆ. ಹುಡುಕಿ. ಈ ಸಲ ಸಿಗುವುದು ಕಷ್ಟ.

ನೀವು ಹೊರಡುವಾಗ ಟಿವಿಯ ಪಕ್ಕ ಮೂರು ಕ್ರೆಡಿಟ್ ಕಾರ್ಡುಗಳ ಬಣ್ಣಬಣ್ಣದ ಕಾಗದ ಇಟ್ಟು, "ಓದಿ ಒಂದನ್ನ ಆರಿಸಿಡು, ನನಗೆ ಪುರುಸೊತ್ತಿಲ್ಲ, ಬುಧವಾರದೊಳಗೆ ಹೇಳ್ಬೇಕು" ಎಂದು ಅಪ್ಪಣೆ ಕೊಟ್ಟು ಹೋದಿರಲ್ಲ, ಓದಿದೆ. ಒಂದು ಅಕ್ಷರ ಬಿಡದೆ, ಕೆಳಗಿನ ಇರುವೆಸಾಲಿನಂಥ ಅಕ್ಷರವನ್ನೂ ಅತ್ತೆಯ ಭೂತಗನ್ನಡಿ ಹಿಡಿದು ಓದಿದೆ. ಓದಿ ಮುಗಿಸಿದ ಮೇಲೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ. ಇಪ್ಪತ್ತು ವರ್ಷದಿಂದ ಊರವರ ಬಟ್ಟೆಯ ಕೊಳೆ ತೆಗೆಯುತ್ತಿರುವವಳು ನಾನು. ಯಾರ ಅಂಗಿಯಲ್ಲಿ ಏನು ಚೆಲ್ಲಿದೆ, ಯಾರು ಹೆಂಡತಿಗೆ ಗೊತ್ತಾಗದಂತೆ ಏನು ಒರೆಸಿಕೊಂಡಿದ್ದಾರೆ, ಎಲ್ಲ ಮೂಸಿ ನೋಡಿಯೇ ನೀರಿಗೆ ಹಾಕುವುದು. ಅಂಥ ನನಗೇ ವಾಕರಿಕೆ ಬಂತು ಅಂದರೆ ನೀವೇ ಯೋಚಿಸಿ.

ಯಾವ ಕಾರ್ಡು ಎಂದು ಹೇಳುವ ಮೊದಲು, ಯಾತಕ್ಕೆ ಕಾರ್ಡು ಎಂದು ನಿಮಗೆ ಇನ್ನೊಂದು ಸಲ ನೆನಪು ಮಾಡಬೇಕು. ನಿಮಗೆ ಗೊತ್ತಿರುವ ವಿಷಯವೇ. ಆದರೆ ನೀವು ನಡೆದುಕೊಳ್ಳುವ ರೀತಿ ನೋಡಿದರೆ ಗೊತ್ತಿರುವ ಹಾಗೆ ಕಾಣುವುದಿಲ್ಲ. ನಿಮ್ಮ ಚಿಕ್ಕಮ್ಮನಿಗೆ ಈ ಶುಕ್ರವಾರ ಬೆಳಿಗ್ಗೆ ಆಪರೇಷನ್. ಗಂಟಲಿನ ಗಂಟು ತೆಗೆಯುವಾಗ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಅವರು ಇರುತ್ತಾರೆ, ಡಾಕ್ಟರು ಧೈರ್ಯ ಹೇಳಿದ್ದಾರೆ, ಚೆನ್ನಾಗಿಯೇ ಇರುತ್ತಾರೆ. ಧ್ವನಿ ಇರುವುದಿಲ್ಲ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಊರಿಗೆಲ್ಲ ಲೈನು ಕೊಟ್ಟವರು, ಅವರ ತಂಗಿ ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಬಸ್ಸುಗಳನ್ನು ಕೂಗಿದವರು. ಇಬ್ಬರೂ ಬಾಯಿಂದಲೇ ಬದುಕಿದವರು. ರಿಟೈರಾದ ಮೇಲೂ ದಿನಾ ಬೆಳಿಗ್ಗೆ ಫೋನಿನಲ್ಲಿ ಒಬ್ಬರಿಗೊಬ್ಬರು ನಿದ್ದೆ ಬಂತಾ, ಹೊಟ್ಟೆ ಸರಿಯಿದೆಯಾ, ಪಕ್ಕದ ಮನೆಯವಳು ಏನಂದಳು ಎಂದು ವರದಿ ಒಪ್ಪಿಸದೆ ಕಾಫಿ ಕುಡಿಯುವುದಿಲ್ಲ. ಅಂಥ ತಂಗಿಯ ಎದುರು ಒಂದು ದಿನ ಕೂತು, ಫೋನಿಲ್ಲದೆ, ಮುಖ ನೋಡಿಕೊಂಡು, ಧ್ವನಿ ಇರುವಾಗಲೇ ಮಾತಾಡಬೇಕು. ಅತ್ತೆ ಕೇಳಿದ್ದು ಇದೊಂದೇ. ಎಪ್ಪತ್ತೆಂಟು ವರ್ಷದಲ್ಲಿ ಆಕೆ ನಮ್ಮಿಂದ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವರಲ್ಲ.

ಅದಕ್ಕೆಂದೇ ಹೋದ ತಿಂಗಳು ನಾನು ನಮ್ಮ ಲಾಂಡ್ರಿ ಅಂಗಡಿಯ ಬೀದಿ ಕೊನೆಯ ಟ್ರಾವೆಲ್ಸ್ ಹೆಂಗಸಿನ ಹತ್ತಿರ ಅತ್ತೆಗೂ ನನಗೂ ಟಿಕೆಟ್ ತೆಗೆದಿದ್ದೆ. ಅತ್ತೆ ಚೀಲಕ್ಕೆ ಹೊಸ ಜಿಪ್ಪು ಹಾಕಿಸಿಕೊಂಡು ಬಂದಿದ್ದರು. ನೀವು ಏನು ಮಾಡಿದಿರಿ? "ಅಯ್ಯೋ ದುಡ್ಡು ಕೊಟ್ಟು ಯಾರಾದ್ರೂ ಹೋಗ್ತಾರಾ? ಹೊಸ ಕಾರ್ಡಿಂದು ವೆಲ್ಕಮ್ ಪಾಯಿಂಟ್ ಬಂದ್ರೆ ಪುಕ್ಕಟೆ, ಅದೂ ಮುಂದಿನ ಸೀಟಲ್ಲಿ ಕಾಲು ಚಾಚ್ಕೊಂಡು" ಎಂದು, ಎಲ್ಲೋ ಒಂದು ಏರ್‌ಪೋರ್ಟಿನಲ್ಲಿ ನಿಂತುಕೊಂಡು, ನನ್ನನ್ನೂ ಕೇಳದೆ ನಿಮ್ಮ ತಾಯಿಯನ್ನೂ ಕೇಳದೆ ಎರಡೂ ಟಿಕೆಟ್ ಕ್ಯಾನ್ಸಲ್ ಮಾಡಿಸಿದಿರಿ. ಅಂಗೈಯಲ್ಲಿ ಆಕಾಶ ತೋರಿಸುವುದು ಎಂದರೆ ಇದೇ. ಅತ್ತೆ ಅದನ್ನೂ ನಂಬಿ, "ಮಗ ಮುಂದಿನ ಸೀಟು ಕೊಡಿಸ್ತಾನಂತೆ" ಎಂದು ಮೂರು ಮನೆಗೆ ಹೇಳಿಕೊಂಡು ಬಂದರು.

ಆಮೇಲೆ ಶುರುವಾಯಿತು ನೋಡಿ ನಿಮ್ಮ ಗುರಿ ಮುಟ್ಟುವ ಹುಚ್ಚು. ಇಂತಿಷ್ಟು ಖರ್ಚು ಕಾರ್ಡಿನಲ್ಲೇ ಆದರೆ ಮಾತ್ರ ಪಾಯಿಂಟು, ಆದ್ದರಿಂದ ಮನೆಗೆ ಬೇಡದ್ದನ್ನೆಲ್ಲ ತಂದು ಸುರಿಯುವುದು. ಮೂರು ಕೋಣೆಯ ಮನೆಗೆ ಫ್ಯಾಕ್ಟರಿಯಲ್ಲಿ ಇಡುವಂಥ ಧೂಳು ಹೀರುವ ಮೆಷಿನ್ನು. ಎರಡು ಮಿಕ್ಸಿ. ಅದೂ ಸಾಲದೆಂದು ಆ ಟ್ರೆಡ್‌ಮಿಲ್! ಜನ್ಮವಿಡೀ ಬೆಲ್ಟ್ ರಿಪೇರಿ ಮಾಡುವವರು ಮನೆಗೂ ಒಂದು ಬೆಲ್ಟ್ ತಂದು ನಿಲ್ಲಿಸಿದಿರಿ. ಈಗ ಅದರ ಮೇಲೆ ಗಿರಾಕಿಗಳ ಬೆಡ್‌ಶೀಟ್ ಒಣಗುತ್ತಿವೆ. ಕೊನೆಗೆ ಏನಾಯಿತು? ಕಂತಿನಲ್ಲಿ ಕೊಂಡದ್ದು ಗುರಿಯ ಲೆಕ್ಕಕ್ಕೆ ಇಲ್ಲ ಎಂದು ಕಾಗದದ ಬೆನ್ನಲ್ಲಿ ಬರೆದಿತ್ತು. ನೀವು ಬೆನ್ನು ನೋಡಿರಲಿಲ್ಲ. ಪಾಯಿಂಟೂ ಇಲ್ಲ, ಟಿಕೆಟ್ಟೂ ಇಲ್ಲ, ಟ್ರೆಡ್‌ಮಿಲ್ ಮಾತ್ರ ಹಾಲಿನಲ್ಲಿ ಕತ್ತೆಯ ಹಾಗೆ ನಿಂತಿದೆ. ಅದಕ್ಕೀಗ ಇನ್ನೊಂದು ಹೊಸ ಕಾರ್ಡು ಬೇಕು, ಅದರ ಪಾಯಿಂಟಿನ ಸೀಟು ಮುಂದಿನ ತಿಂಗಳು ಸಿಗುತ್ತದಂತೆ, ಅಲ್ಲಿಯವರೆಗೆ ಅತ್ತೆ ಕಾಯಬೇಕು. "ಆಪರೇಷನ್ ಆದ್ಮೇಲೆ ಹೋದ್ರೂ ನೋಡೋದೇ ಅಲ್ವೇನೇ" ಅಂದಿರಿ. ಆ ಮಾತು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಹೇಸಿಗೆಯಾಯಿತು. ಥೂ ಅನ್ನಿಸಿತು. ನಿಮ್ಮ ಮೇಲೆ ಹಾಗೆ ಅನ್ನಿಸಿದ್ದು ಅದೇ ಮೊದಲು, ಅದಕ್ಕೇ ಬರೆಯುತ್ತಿದ್ದೇನೆ.

ಸರಿ, ನಿಮ್ಮ ಮೂರು ರತ್ನಗಳ ವಿಷಯಕ್ಕೆ ಬರೋಣ. ಮೊದಲನೆಯದು ಕಪ್ಪು ಕಾರ್ಡು, ಅದರ ಮಾರಾಟದವನು ನಿನ್ನೆ ಬೆಳಿಗ್ಗೆ ಖುದ್ದಾಗಿ ಅಂಗಡಿಗೇ ಬಂದಿದ್ದ, ನೀವೇ ವಿಳಾಸ ಕೊಟ್ಟಿದ್ದಿರಂತೆ. ಕೋಟಿನ ಹೊರಗೆಲ್ಲ ಗರಿಗರಿ, ಕಾಲರಿನ ಒಳಗೆ ತಿಂಗಳ ಕೊಳೆ. ಅಲ್ಲೇ ಅವನ ಜಾತಕ ನನಗೆ ತಿಳಿಯಿತು. ಅದು ಪ್ಲಾಸ್ಟಿಕ್ ಕಾರ್ಡ್ ಅಲ್ಲವಂತೆ, ಲೋಹದ್ದಂತೆ. ನನ್ನ ಕೌಂಟರಿನ ಮೇಲೆ ಟಣ್ ಎಂದು ಬೀಳಿಸಿ, "ಸೌಂಡ್ ಕೇಳಿ ಮೇಡಂ, ಸೌಂಡ್ ಕೇಳಿ" ಎಂದು ಹಲ್ಲು ಗಿಂಜಿದ. "ಪಾತ್ರೆ ಅಂಗಡಿಯವರೂ ಹೀಗೇ ಬಡಿದು ತೋರಿಸ್ತಾರಪ್ಪ, ಆದ್ರೆ ಪಾತ್ರೆಯಲ್ಲಿ ನೀರಾದ್ರೂ ಕಾಯಿಸ್ಬಹುದು" ಅಂದೆ. ಅವನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಇನ್ನೊಂದು ಸಲ ಟಣ್ ಅನ್ನಿಸಿದ. ಆ ಕಾರ್ಡಿದ್ದರೆ ಜಗತ್ತಿನ ಎಲ್ಲ ಏರ್‌ಪೋರ್ಟಿನ ಲೌಂಜುಗಳೂ ನಿಮ್ಮ ಮಾವನ ಮನೆ ಇದ್ದ ಹಾಗಂತೆ. ಜೊತೆಗೆ ಬಂದವರಿಗೆ? ಕೇಳಿದೆ. ಜೊತೆಗೆ ಬಂದವರಿಗೆ ಪ್ರವೇಶವಿಲ್ಲವಂತೆ. ಅಂದರೆ ನೀವು ಒಳಗೆ ಸೋಫಾದಲ್ಲಿ, ನಾನು ಮತ್ತು ನಿಮ್ಮ ತಾಯಿ ಹೊರಗೆ ಬ್ಯಾಗು ಕಾಯುತ್ತ. "ಮೇಡಂ, ಫ್ರೀಕ್ವೆಂಟ್ ಫ್ಲೈಯರ್ಸ್‌ಗೆ ಫ್ಯಾಮಿಲಿ ಜೊತೆ ಬರೋ ಅಭ್ಯಾಸ ಕಡಿಮೆ" ಅಂದ. ನಿಮಗೆ ಬುದ್ಧಿ ಹೇಳಲು ಅವನಿಗಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಗುವುದಿಲ್ಲ.

ಎರಡನೆಯದು ನೀವು ದಿನಾ ಹತ್ತುವ ಕಂಪನಿಯದಲ್ಲ, ಬೇರೊಂದು ವಿಮಾನ ಕಂಪನಿಯ ಕಾರ್ಡು, ಆಕಾಶನೀಲಿ ಬಣ್ಣ, ಮೇಲೊಬ್ಬಳು ಮೋಡದ ಮೇಲೆ ಕೂತು ನಗುತ್ತಿದ್ದಾಳೆ. ಅದರಲ್ಲಿ ಪಾಯಿಂಟ್ ಬೇಗ ಬೆಳೆಯುತ್ತದೆ, ನಿಜ. ಆದರೆ ಅದನ್ನು ಅವರ ವಿಮಾನದಲ್ಲೇ ಸವೆಸಬೇಕು, ಅವರ ವಿಮಾನ ಚಿಕ್ಕಮ್ಮನ ಊರಿಗೆ ಹೋಗುವುದೇ ಇಲ್ಲ. ಹೋಗದ ಊರಿಗೆ ಪುಕ್ಕಟೆ ಟಿಕೆಟ್, ಎಷ್ಟು ದೊಡ್ಡ ಮನಸ್ಸು ನೋಡಿ. ಮೂರನೆಯದರ ಪಾಯಿಂಟನ್ನು ಯಾವ ಕಂಪನಿಗೆ ಬೇಕಾದರೂ ವರ್ಗಾಯಿಸಬಹುದು, ನಿಮಗೆ ಅದರ ಮೇಲೇ ಕಣ್ಣಿದೆ ಎಂದೂ ಗೊತ್ತು, ಕಾಗದದ ಅಂಚಿನಲ್ಲಿ ಪೆನ್ನಿನಲ್ಲಿ ಗುರುತು ಹಾಕಿದ್ದೀರಿ. ವರ್ಗಾವಣೆಗೆ ಎಷ್ಟು ದಿನ ಎಂದು ಮಾತ್ರ ಎಲ್ಲೂ ಇಲ್ಲ. ಆದ್ದರಿಂದ ನಿನ್ನೆ ಸಂಜೆ ಅವರ ಸಹಾಯವಾಣಿಗೆ ಫೋನ್ ಹಚ್ಚಿದೆ. ನಿಮ್ಮ ಕರೆ ನಮಗೆ ಅಮೂಲ್ಯ, ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತ ಅದೇ ಹಾಳು ಸಂಗೀತವನ್ನು ಕಿವಿಗೆ ತುರುಕುತ್ತಿದ್ದರು. ನಾನು ಕೈಬಿಟ್ಟು ಇಸ್ತ್ರಿಗೆ ಹೋದೆ. ಅತ್ತೆ ಫೋನ್ ಎತ್ತಿಕೊಂಡು, ಸ್ಪೀಕರ್ ಹಾಕಿ ಕೂತರು. "ನಾವು ಹೀಗೆ ಕಾಯಿಸಿದ್ರೆ ಸೂಪರ್‌ವೈಸರಮ್ಮ ಚರ್ಮ ಸುಲೀತಿದ್ರು" ಎಂದು ಗೊಣಗಿದರೂ ಫೋನ್ ಇಡಲಿಲ್ಲ. ನಾನು ಏಳು ಶರ್ಟ್ ಮುಗಿಸುವವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡು, ಹಳೆಯ ಡ್ಯೂಟಿಯಲ್ಲಿ ಕೂತ ಹಾಗೇ ಕೂತಿದ್ದರು.

ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಅವಳು ಬಾಯಿಪಾಠ ಒಪ್ಪಿಸಲು ಶುರು ಮಾಡಿದಳು, ಅತ್ತೆ ತಮ್ಮ ಎಕ್ಸ್‌ಚೇಂಜ್ ಧ್ವನಿಯಲ್ಲಿ, ಆ ಬೆಣ್ಣೆ ಸವರಿದ ಧ್ವನಿಯಲ್ಲಿ ತಡೆದರು. "ಒಂದೇ ಮಾತು ಕೇಳ್ತೀನಿ ಮಗಳೇ. ಶುಕ್ರವಾರದೊಳಗೆ ನಾನು ನನ್ನ ತಂಗಿ ಹತ್ರ ಹೋಗಿ ಮಾತಾಡ್ಬೇಕು, ಆಮೇಲೆ ಅವಳಿಗೆ ಮಾತಿರಲ್ಲ. ನಿಮ್ಮ ಯಾವ ಕಾರ್ಡಲ್ಲಿ ಆಗುತ್ತೆ?" ನಾನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದೆ. ಆಮೇಲೆ ಆ ಹುಡುಗಿ ಮೆಲ್ಲಗೆ, "ಅಮ್ಮಾ, ಈ ಕರೆ ರೆಕಾರ್ಡ್ ಆಗ್ತಿದೆ, ಆದ್ರೂ ಹೇಳ್ತೀನಿ. ಯಾವ್ದರಲ್ಲೂ ಆಗಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡ್ಬಿಡಿ" ಅಂದಳು. ಹೆತ್ತ ಮಗ ಹೇಳದ ಮಾತನ್ನು ಮುಖ ನೋಡದ ಹುಡುಗಿ ಹೇಳಿದಳು. ಅತ್ತೆ ಅವಳಿಗೆ ಒಳ್ಳೆಯದಾಗಲಿ ಎಂದು ಹರಸಿ ಫೋನ್ ಇಟ್ಟರು.

ಇಷ್ಟಕ್ಕೇ ನಿಂತಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಆದರೆ ಭಾನುವಾರದ್ದನ್ನು ನಾನು ನುಂಗಿಕೊಳ್ಳಲಾರೆ. ಅವತ್ತು ನಿಮಗೆ ರಜೆ. ಮಧ್ಯಾಹ್ನ ಫೋನ್ ಮಾಡಿದಿರಿ, ಎಂದೂ ಇಲ್ಲದ ಉಲ್ಲಾಸ. ನಾನು ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ, ಕೈ ಜಿಡ್ಡು, ಆದ್ದರಿಂದ ಸ್ಪೀಕರ್ ಹಾಕಿದೆ. "ಏರ್‌ಲೈನ್‌ನವರ ಗೋಲ್ಡ್ ಮೆಂಬರ್ ಲೆವೆಲ್ ಉಳಿಸ್ಕೊಳ್ಳೋಕೆ ಎರಡು ಫ್ಲೈಟ್ ಕಡಿಮೆ ಬಿದ್ದಿತ್ತು ಕಣೇ, ಬೆಳಿಗ್ಗೆ ಹೋಗಿ ಈಗ ವಾಪಸ್ ಬರ್ತಿದೀನಿ" ಅಂದಿರಿ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. ಚಿಕ್ಕಮ್ಮನ ಊರಿನ ಹೆಸರು ಹೇಳಿದಿರಿ! ಹೇಳಿ, ಅಲ್ಲಿನ ಲೌಂಜಿನಲ್ಲಿ ಸೋಫಾ ಎಲ್ಲ ಹೊಸದು ಹಾಕಿದ್ದಾರೆ, ಬಿಸಿ ಸೂಪ್ ಎಷ್ಟು ಬೇಕಾದರೂ ಕೊಡುತ್ತಾರೆ, ನೀವು ಮೂರು ಬಟ್ಟಲು ಕುಡಿದಿರಿ ಎಂದು ವರ್ಣಿಸಿದಿರಿ. ಅತ್ತೆ ಕಾಲು ಎಳೆದುಕೊಂಡು ಎದ್ದು ಕೂತರು. "ಅಲ್ಲಿಗೆ ಹೋಗಿದ್ಯೇನೋ? ಚಿಕ್ಕಮ್ಮ ಹೇಗಿದಾಳೆ? ಮಾತಾಡಿದ್ಲಾ?" ಎಂದು ಫೋನಿನ ಹತ್ತಿರ ಬಾಗಿ ಕೇಳಿದರು. ಎಷ್ಟು ಆಸೆಯಿಂದ ಕೇಳಿದರು ಅಂದರೆ, ಇವರೇ, ಆ ಮುಖವನ್ನು ನೀವು ನೋಡಬೇಕಿತ್ತು. ನೀವು ಏನೂ ಆಗದವರ ಹಾಗೆ, "ಇಲ್ಲಮ್ಮ, ಹೊರಗೆ ಬಂದ್ರೆ ಮತ್ತೆ ಸೆಕ್ಯುರಿಟಿ ಸಾಲಲ್ಲಿ ನಿಲ್ಬೇಕಿತ್ತು, ಬರೀ ಪಾಯಿಂಟಿಗೋಸ್ಕರ ಹೋಗಿದ್ದು" ಅಂದಿರಿ. ಕೂಡಲೇ ಬೋರ್ಡಿಂಗ್ ಶುರುವಾಯಿತು, ಎಂದಿನ ಹಾಗೆ.

ಅತ್ತೆ ಎದ್ದು ಹೋಗಿ, ನೀವು ಲೌಂಜುಗಳಿಂದ ತಂದುಕೊಟ್ಟ ಸಕ್ಕರೆ ಪುಡಿಕೆ, ಪುಟಾಣಿ ಜಾಮಿನ ಬಾಟಲಿ, ಕಣ್ಣಿಗೆ ಕಟ್ಟುವ ಪಟ್ಟಿ, ಕಾಗದದ ಚಪ್ಪಲಿ, ಇಷ್ಟು ದಿನ ಅಮೂಲ್ಯ ವಸ್ತುಗಳ ಹಾಗೆ ಡಬ್ಬಿಯಲ್ಲಿ ತುಂಬಿಟ್ಟಿದ್ದರಲ್ಲ, ಅದಷ್ಟನ್ನೂ ತಂದು ಕಸದ ಬುಟ್ಟಿಗೆ ಬಗ್ಗಿಸಿದರು. ಸಕ್ಕರೆಯನ್ನಾದರೂ ಇಟ್ಟುಕೊಳ್ಳೋಣ ಅಂದೆ. "ಬೇಡ, ಇರುವೆ ಬರುತ್ತೆ" ಅಂದರು. ಅವತ್ತಿನಿಂದ ಅವರು ನಿಮ್ಮ ವಿಷಯ ಎತ್ತಿಲ್ಲ. ಚೀಲದ ಹೊಸ ಜಿಪ್ಪನ್ನು ಮಾತ್ರ ಆಗಾಗ ಎಳೆದು ನೋಡುತ್ತಾರೆ.

ನಿಮಗೆ ಲೌಂಜಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ನನಗೆ ಗೊತ್ತು. ಗೊತ್ತಿದ್ದೇ ಬೈಯುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿಯಿಡೀ ಬೆಲ್ಟಿನ ಕೆಳಗೆ ಇದ್ದು, ಮೈಯೆಲ್ಲ ಗ್ರೀಸ್ ಮಾಡಿಕೊಂಡು, ಒಂದು ಲೋಟ ನೀರಿಗೆಂದು ಲೌಂಜಿನ ಗಾಜಿನ ಬಾಗಿಲು ತಳ್ಳಿದಿರಿ, ಒಳಗಿದ್ದವಳೊಬ್ಬಳು ಮೂಗು ಮುಚ್ಚಿಕೊಂಡು "ಇದು ನಿಮ್ಮಂಥವರಿಗಲ್ಲ" ಎಂದು ಹೊರಗೆ ದಬ್ಬಿಸಿದಳು. ಮನೆಗೆ ಬಂದು ಆ ಬಟ್ಟೆಯನ್ನು ನನ್ನ ಮುಂದೆ ಬಿಸಾಕಿ, "ಈ ವಾಸನೆ ಹೋಗೋ ಹಾಗೆ ಒಗಿ" ಅಂದಿರಿ. ಒಗೆದೆ. ಮೂರು ನೀರಿನಲ್ಲಿ ಒಗೆದೆ, ವಾಸನೆ ಹೋಯಿತು, ನಿಮ್ಮ ತಲೆಯಿಂದ ಮಾತ್ರ ಹೋಗಲಿಲ್ಲ. ಅವತ್ತು ನಿಮ್ಮ ಜೊತೆ ನಾನೂ ಅತ್ತಿದ್ದೆ. ಆ ಬಾಗಿಲಿನೊಳಗೆ ಕಾಲ ಮೇಲೆ ಕಾಲು ಹಾಕಿ ಕೂರಬೇಕೆಂಬ ನಿಮ್ಮ ಆಸೆಗೆ ನಾನು ಎಂದೂ ಅಡ್ಡ ಬಂದಿಲ್ಲ. ಕೂತಿರಿ, ಸಂತೋಷ. ಆದರೆ ಒಳಗೆ ಕೂತು ಕೂತು ಈಗ ನಿಮಗೆ ಹೊರಗೆ ಬರುವುದೇ ಮರೆತುಹೋಗಿದೆ. ಟ್ಯಾಕ್ಸಿ ಹತ್ತಿದರೆ ಮುಟ್ಟುವ ದೂರದಲ್ಲಿ ಚಿಕ್ಕಮ್ಮ ಬಿಸಿನೀರಿನಲ್ಲಿ ಗಂಟಲು ಮುಕ್ಕಳಿಸುತ್ತ ಕೂತಿದ್ದರು. ನೀವು ಮೂರನೆಯ ಬಟ್ಟಲು ಸೂಪಿಗೆ ಎದ್ದು ಹೋದಿರಿ. ಛೀ.

ಆ ಚಿಕ್ಕಮ್ಮ ಯಾರು ಎಂದು ನನಗೆ ಹೇಳಿದವರು ನೀವೇ. ಅತ್ತೆಗೆ ಎಕ್ಸ್‌ಚೇಂಜಿನಲ್ಲಿ ಸಂಜೆ ಪಾಳಿ ಇದ್ದಾಗಲೆಲ್ಲ ನಿಮ್ಮನ್ನು ಬಸ್ ನಿಲ್ದಾಣದ ಮೈಕ್ ಕೋಣೆಯಲ್ಲಿ ಬಿಟ್ಟುಹೋಗುತ್ತಿದ್ದರು. ನೀವು ಚಿಕ್ಕಮ್ಮನ ಕಣ್ಣು ತಪ್ಪಿಸಿ ಬಸ್ಸುಗಳ ಚಕ್ರ, ಗೇರು, ಇಂಜಿನ್ನು ನೋಡುತ್ತ ನಿಲ್ದಾಣವೆಲ್ಲ ಅಲೆಯುತ್ತಿದ್ದಿರಿ. ಊಟದ ಹೊತ್ತಾದರೆ ಆಕೆ ಎರಡು ಬಸ್ಸಿನ ನಡುವೆ ಮೈಕಿನಲ್ಲಿ ಕೂಗುತ್ತಿದ್ದರು, "ನೀಲಿ ಶರ್ಟಿನ ಹುಡುಗ ಎಲ್ಲಿದ್ದರೂ ಕೂಡಲೇ ಮೈಕ್ ಕೋಣೆಗೆ ಬರಬೇಕು, ಊಟ ತಣ್ಣಗಾಗುತ್ತಿದೆ." ಮೈಕಿನಲ್ಲಿ ಏನು ಹೇಳಿದರೂ ಮೂರು ಸಲ ಹೇಳುವುದು ಅವರ ಕೆಲಸದ ಕಟ್ಟಳೆ, ಒಂದು ಸಲ ಹೇಳಿದರೆ ಓಡುವವನಿಗೆ ಕೇಳುವುದಿಲ್ಲ ಎಂದು. ಆದ್ದರಿಂದ ಇಡೀ ನಿಲ್ದಾಣ ನಿಮ್ಮ ಊಟದ ಸುದ್ದಿಯನ್ನು ಮೂರು ಸಲ ಕೇಳುತ್ತಿತ್ತು. ಮೂರನೆಯ ಸಲಕ್ಕೆ ನೀವು ಎಲ್ಲಿದ್ದರೂ ಬಾಗಿಲಲ್ಲಿ ಹಾಜರ್. ಮೇಲಿನವರು ಆಕೆಗೆ ಛೀಮಾರಿ ಹಾಕಿದರೂ ಕೂಗುವುದನ್ನು ಬಿಡಲಿಲ್ಲ. ಮದುವೆಯಾದ ಹೊಸತರಲ್ಲಿ ನೀವು ಇದನ್ನು ಹೇಳುತ್ತ, ಮೂಗು ಹಿಡಿದುಕೊಂಡು ಮೈಕಿನ ಧ್ವನಿ ಮಾಡಿ ತೋರಿಸಿದಿರಿ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಗಿತ್ತು. ಅಂಥವರು ನೀವು. ಈಗ ಎಲ್ಲಿ ಹೋದಿರಿ ಎಂದು ಕೇಳುತ್ತಿದ್ದೇನೆ.

ಕಾರ್ಡಿನ ಬಗ್ಗೆ ನನ್ನ ತೀರ್ಮಾನ ಕೇಳಿದಿರಿ, ಹೇಳಿಬಿಡುತ್ತೇನೆ. ಮೂರೂ ಬೇಡ. ಮೂರು ಕಾಗದವನ್ನೂ ಮಡಿಸಿ, ನಡುಗುತ್ತಿದ್ದ ಟ್ರೆಡ್‌ಮಿಲ್ಲಿನ ಕಾಲಿನ ಕೆಳಗೆ ಕೊಟ್ಟಿದ್ದೇನೆ, ಈಗ ಅದು ಅಲುಗಾಡದೆ ನಿಂತಿದೆ. ಅವುಗಳಿಂದ ನಮ್ಮ ಮನೆಗೆ ಆದ ಉಪಕಾರ ಇಷ್ಟೇ. ಟ್ರೆಡ್‌ಮಿಲ್ಲನ್ನು ನೀವು ಬಂದ ಮೇಲೆ ಯಾರಿಗಾದರೂ ಸಾಗಹಾಕಿ. ಸರಿಯಾಗಿ ಊಟ ಮಾಡಿ. ಮಂಡಿಗೆ ಪ್ಯಾಡ್ ಕಟ್ಟಿ. ಅತ್ತೆ ನಿಮಗೆ ಆಶೀರ್ವಾದ ಹೇಳು ಎಂದು ಈ ಸಲ ಹೇಳಲಿಲ್ಲ. ಆದರೆ ನಾನು ಬರೆಯುತ್ತಿರುವುದನ್ನು ಬಾಗಿಲಲ್ಲಿ ನಿಂತು ನೋಡಿ, "ಶೀತದ ಮಾತ್ರೆ ಎಲ್ಲಿದೆ ಅಂತ ಬರೆದ್ಯಾ?" ಎಂದು ಕೇಳಿ ಹೋದರು. ಅದನ್ನೇ ಆಶೀರ್ವಾದ ಎಂದುಕೊಳ್ಳಿ.

ಇಷ್ಟೆಲ್ಲ ಬೈದ ಮೇಲೂ ನಿಮ್ಮವಳೇ ಆಗಿರುವ,
ನಿಮ್ಮ ಲಾಂಡ್ರಿಯವಳು

ಮರೆತೆ: ಕೊರಿಯರಿನವನು ಬಂದು ಬಾಗಿಲಲ್ಲಿ ನಿಂತಿದ್ದಾನೆ, ಗೀಚುತ್ತಿದ್ದೇನೆ, ಅಕ್ಷರ ಕ್ಷಮಿಸಿ. ನಾನೂ ಅತ್ತೆಯೂ ನಾಳೆ ಬೆಳಿಗ್ಗೆಯೇ ಚಿಕ್ಕಮ್ಮನ ಊರಿಗೆ ಹೊರಡುತ್ತಿದ್ದೇವೆ. ಇದು ನಾಳೆ ಸಂಜೆ ನಿಮ್ಮ ಕೈ ಸೇರುವ ಹೊತ್ತಿಗೆ ಅಲ್ಲಿರುತ್ತೇವೆ. ಅಂಗಡಿಗೆ ಬೀಗ. ಟ್ರಾವೆಲ್ಸ್ ಹೆಂಗಸಿನ ಹತ್ತಿರ ನಗದು ಕೊಟ್ಟು ಮೂರು ಟಿಕೆಟ್ ತೆಗೆದೆ. ಮೂರನೆಯದು ನಿಮ್ಮದು, ನೀವಿರುವ ಊರಿನಿಂದ, ಗುರುವಾರ ಬೆಳಗಿನ ಮೊದಲ ವಿಮಾನ, ಶರ್ಟಿನ ಜೇಬಿನಲ್ಲಿದೆ. ಅದು ನಿಮ್ಮ ಗೋಲ್ಡ್ ಲೆವೆಲ್ ಕಂಪನಿಯ ವಿಮಾನ ಅಲ್ಲ. ಒಂದು ಪಾಯಿಂಟೂ ಸಿಗುವುದಿಲ್ಲ, ಲೌಂಜಿಗೆ ಬಿಡುವುದಿಲ್ಲ, ಸೀಟು ಕಟ್ಟಕಡೆಯ ಸಾಲಿನಲ್ಲಿ, ಇಬ್ಬರ ನಡುವೆ, ಟಾಯ್ಲೆಟ್ಟಿನ ಪಕ್ಕ. ನಿಮ್ಮ ಫೋರ್‌ಮನ್ ಹತ್ತಿರ ನಾನೇ ಮಾತಾಡಿದ್ದೇನೆ, ಎರಡು ದಿನ ರಜೆ ಕೊಟ್ಟಿದ್ದಾರೆ, ಆ ನೆಪವೂ ಇಲ್ಲ. ಶರ್ಟ್ ನೀಲಿಯದೇ ಹುಡುಕಿ ಇಸ್ತ್ರಿ ಮಾಡಿದ್ದೇನೆ, ಅದನ್ನೇ ಹಾಕಿಕೊಂಡು ಬನ್ನಿ. ಈಗ ತಾನೇ ಚಿಕ್ಕಮ್ಮ ಫೋನ್ ಮಾಡಿದ್ದರು. ಗಂಟಲು ಪೂರ್ತಿ ಒಡೆದಿದೆ, ಆದರೂ ನಿಮಗೆ ತಿಳಿಸು ಎಂದು ಮೈಕಿನ ಧ್ವನಿ ಮಾಡಿ ಹೇಳಿದರು, "ನೀಲಿ ಶರ್ಟಿನ ಹುಡುಗ ಎಲ್ಲಿದ್ದರೂ ಕೂಡಲೇ ಬರಬೇಕು." ಎರಡು ಸಲ ಹೇಳುವಷ್ಟರಲ್ಲಿ ಉಸಿರು ಕಟ್ಟಿತು. ಮೂರನೆಯದನ್ನು ನೀವು ಬಾಗಿಲಿಗೆ ಬಂದ ಮೇಲೆ ಹೇಳುತ್ತಾರಂತೆ.